ಆಮ್ರಪಾಲಿ ವಸತಿ ಯೋಜನೆಗಳ ಪ್ರಕರಣ

ಆಮ್ರಪಾಲಿ ವಸತಿ ಯೋಜನೆಗಳ ಪ್ರಕರಣವು ಉತ್ತರ ಪ್ರದೇಶದ ನೋಯ್ಡಾ ಮತ್ತು ಗ್ರೇಟರ್ ನೋಯ್ಡಾ ಪ್ರದೇಶಗಳಲ್ಲಿ ಅಪೂರ್ಣವಾಗಿ ಉಳಿದ ವಸತಿ ಸಮುಚ್ಚಯಗಳಿಗೆ ಸಂಬಂಧಿಸಿದಂತೆ ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದ ಪ್ರಕರಣವಾಗಿದೆ. ಬಿಕ್ರಮ್ ಚಟರ್ಜಿ ಮತ್ತು ಇತರರು ವಿರುದ್ಧ ಭಾರತ ಒಕ್ಕೂಟ ಎಂಬುದು ಇದರ ಅಧಿಕೃತ ಶೀರ್ಷಿಕೆ. 2019ರ ಜುಲೈ 23ರಂದು ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ನ್ಯಾಯಮೂರ್ತಿ ಯು. ಯು. ಲಲಿತ್ ಅವರ ಪೀಠವು ತೀರ್ಪು ನೀಡಿ, ಆಮ್ರಪಾಲಿ ಸಮೂಹದ ಕಂಪನಿಗಳಿಗೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯಡಿ ದೊರೆತಿದ್ದ ನೋಂದಣಿಯನ್ನು ರದ್ದುಗೊಳಿಸಿತು. ಉಳಿದ ಕಾಮಗಾರಿಯನ್ನು ಪೂರ್ಣಗೊಳಿಸುವ ಹೊಣೆಯನ್ನು ಕೇಂದ್ರ ಸರ್ಕಾರದ ಉದ್ಯಮವಾದ ಎನ್‌ಬಿಸಿಸಿಗೆ ವಹಿಸಿತು.

42 ಸಾವಿರಕ್ಕೂ ಹೆಚ್ಚು ಮನೆ ಖರೀದಿದಾರರ ಹಿತವು ಈ ಪ್ರಕರಣದಲ್ಲಿ ಅಡಗಿತ್ತು. ಕಟ್ಟಡ ನಿರ್ಮಾಣಗಾರನ ನೋಂದಣಿಯನ್ನು ರದ್ದುಪಡಿಸುವುದರಿಂದ ಮಾತ್ರ ಕಟ್ಟಡ ಪೂರ್ಣಗೊಳ್ಳುವುದಿಲ್ಲ. ಶಿಸ್ತುಕ್ರಮದ ಜೊತೆಗೆ ಭೂಮಿ, ಹಣ ಮತ್ತು ಕಾಮಗಾರಿಯ ಹೊಣೆಯನ್ನು ಬೇರೊಬ್ಬರಿಗೆ ವಹಿಸುವ ವ್ಯವಸ್ಥೆಯೂ ಅಗತ್ಯ ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಹಿನ್ನೆಲೆ

ದೆಹಲಿಗೆ ಹೊಂದಿಕೊಂಡಿರುವ ನೋಯ್ಡಾ ಮತ್ತು ಗ್ರೇಟರ್ ನೋಯ್ಡಾಗಳಲ್ಲಿ ಭೂಮಿಯ ಒಡೆತನ ಅಲ್ಲಿನ ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರಗಳದ್ದಾಗಿರುತ್ತದೆ. ಪ್ರಾಧಿಕಾರಗಳು ಭೂಮಿಯನ್ನು ನಿರ್ಮಾಣ ಕಂಪನಿಗಳಿಗೆ ದೀರ್ಘಾವಧಿಯ ಲೀಸ್ ಆಧಾರದಲ್ಲಿ ನೀಡುತ್ತವೆ. ಆಮ್ರಪಾಲಿ ಸಮೂಹಕ್ಕೆ ಭೂಮಿ ಹಂಚಿಕೆಯಾದ ಕಾಲದಲ್ಲಿ, ಒಟ್ಟು ಮೌಲ್ಯದ ಶೇಕಡ 10ರಷ್ಟನ್ನು ಆರಂಭದಲ್ಲಿ ಪಾವತಿಸಿ, ಉಳಿದ ಮೊತ್ತವನ್ನು ಕಂತುಗಳಲ್ಲಿ ತೀರಿಸುವ ಅವಕಾಶವಿತ್ತು. ಹೀಗಾಗಿ ಸ್ವಂತ ಬಂಡವಾಳ ಅಲ್ಪವಾಗಿದ್ದರೂ ವಿಸ್ತಾರವಾದ ಭೂಮಿಯನ್ನು ಪಡೆದು, ಖರೀದಿದಾರರ ಮುಂಗಡ ಹಣ ಮತ್ತು ಬ್ಯಾಂಕ್ ಸಾಲದ ಬಲದಿಂದ ಯೋಜನೆಗಳನ್ನು ಆರಂಭಿಸುವುದು ಸಾಧ್ಯವಾಗಿತ್ತು.

ಆಮ್ರಪಾಲಿ ಸಮೂಹವು ಸಿಲಿಕಾನ್ ಸಿಟಿ, ಸಫೈರ್, ಪ್ರಿನ್ಸ್‌ಲಿ ಎಸ್ಟೇಟ್, ಝೋಡಿಯಾಕ್, ಸೆಂಚೂರಿಯನ್ ಪಾರ್ಕ್, ಡ್ರೀಮ್ ವ್ಯಾಲಿ ಮುಂತಾದ ಹೆಸರುಗಳಲ್ಲಿ ಬೃಹತ್ ವಸತಿ ಯೋಜನೆಗಳನ್ನು ಘೋಷಿಸಿತು. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ ಸಮೂಹದ ಪ್ರಚಾರ ರಾಯಭಾರಿಯಾಗಿದ್ದರು. ಕಾಮಗಾರಿ ಸ್ಥಗಿತಗೊಂಡುದನ್ನು ಪ್ರತಿಭಟಿಸಿ ನಿವಾಸಿಗಳು ಸಾಮಾಜಿಕ ಮಾಧ್ಯಮಗಳಲ್ಲಿ ನಡೆಸಿದ ಅಭಿಯಾನದ ನಂತರ, 2016ರ ಏಪ್ರಿಲ್‌ನಲ್ಲಿ ಅವರು ಆ ಸ್ಥಾನದಿಂದ ಹಿಂದೆ ಸರಿದರು.

ಖರೀದಿದಾರರಲ್ಲಿ ಬಹುಪಾಲು ಮಧ್ಯಮ ವರ್ಗದ ಸಂಬಳದಾರರಾಗಿದ್ದರು. ಮನೆ ಕೈಸೇರದಿದ್ದರೂ ಗೃಹಸಾಲದ ಮಾಸಿಕ ಕಂತನ್ನು ತೀರಿಸಬೇಕಾಗಿದ್ದುದರಿಂದ, ಬಾಡಿಗೆ ಮತ್ತು ಕಂತು ಎರಡೂ ಹೊರೆಗಳನ್ನು ಅವರು ಏಕಕಾಲದಲ್ಲಿ ಹೊರಬೇಕಾಯಿತು. ಕೆಲವು ಗೋಪುರಗಳಲ್ಲಿ ಪೂರ್ಣತಾ ಪ್ರಮಾಣಪತ್ರ ದೊರೆಯುವ ಮೊದಲೇ ಕುಟುಂಬಗಳು ವಾಸ ಆರಂಭಿಸಿದ್ದವು. ಪ್ರಾಧಿಕಾರಕ್ಕೆ ಸಲ್ಲಬೇಕಾದ ಬಾಕಿಯನ್ನು ಕಂಪನಿ ತೀರಿಸದೆ ಇದ್ದುದರಿಂದ ಈ ಮನೆಗಳ ಕ್ರಯಪತ್ರ ನೋಂದಣಿಯೂ ಆಗಿರಲಿಲ್ಲ.

ಕಾನೂನಿನ ಚೌಕಟ್ಟು

ನೋಂದಣಿ

ಭಾರತದಲ್ಲಿ ಸರ್ಕಾರಿ ಕಾಮಗಾರಿಗಳ ಗುತ್ತಿಗೆದಾರರನ್ನು ಲೋಕೋಪಯೋಗಿ ಇಲಾಖೆಗಳು ವರ್ಗವಾರು ನೋಂದಾಯಿಸಿಕೊಳ್ಳುವ ಮತ್ತು ಲೋಪವೆಸಗಿದವರನ್ನು ಕಪ್ಪುಪಟ್ಟಿಗೆ ಸೇರಿಸುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಸಾರ್ವಜನಿಕರಿಗೆ ಮನೆ ಕಟ್ಟಿ ಮಾರುವ ಖಾಸಗಿ ನಿರ್ಮಾಣಗಾರರಿಗೆ ದೇಶದಾದ್ಯಂತ ಅನ್ವಯವಾಗುವ ಅಂತಹ ನಿಯಂತ್ರಣ ವ್ಯವಸ್ಥೆ ಇರಲಿಲ್ಲ. ಈ ಕೊರತೆಯನ್ನು ನೀಗಿಸಲು ಸಂಸತ್ತು 2016ರಲ್ಲಿ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯನ್ನು ಅಂಗೀಕರಿಸಿತು. ರೇರಾ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾದ ಈ ಕಾಯಿದೆಯ ಕೆಲವು ಪ್ರಕರಣಗಳು 2016ರ ಮೇ 1ರಂದೂ ಉಳಿದವು 2017ರ ಮೇ 1ರಂದೂ ಜಾರಿಗೆ ಬಂದವು.

ಕಾಯಿದೆಯು ನಿರ್ಮಾಣಗಾರನನ್ನು ‘ಪ್ರವರ್ತಕ’ ಎಂದು ಕರೆಯುತ್ತದೆ. ಮಾರಾಟಕ್ಕಾಗಿ ಕಟ್ಟಡ ನಿರ್ಮಿಸುವವನು ತನ್ನನ್ನು ಬಿಲ್ಡರ್, ಡೆವಲಪರ್, ಗುತ್ತಿಗೆದಾರ ಎಂದು ಯಾವ ಹೆಸರಿನಿಂದ ಕರೆದುಕೊಂಡರೂ ಈ ವ್ಯಾಖ್ಯೆಯೊಳಗೆ ಬರುತ್ತಾನೆ. ಭೂಮಿಯ ವಿಸ್ತೀರ್ಣ 500 ಚದರ ಮೀಟರ್ ಅಥವಾ ಮನೆಗಳ ಸಂಖ್ಯೆ ಎಂಟನ್ನು ಮೀರದ ಸಣ್ಣ ಯೋಜನೆಗಳನ್ನು ಹೊರತುಪಡಿಸಿ, ಉಳಿದ ಯೋಜನೆಗಳು ರಾಜ್ಯದ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗದೆ ಜಾಹೀರಾತು ನೀಡುವಂತಿಲ್ಲ, ಮಾರಾಟ ಮಾಡುವಂತಿಲ್ಲ. ಕಾಯಿದೆ ಜಾರಿಗೆ ಬಂದಾಗ ಪೂರ್ಣತಾ ಪ್ರಮಾಣಪತ್ರ ಪಡೆಯದೆ ನಡೆಯುತ್ತಿದ್ದ ಹಳೆಯ ಯೋಜನೆಗಳು ಮೂರು ತಿಂಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸಬೇಕಾಗಿತ್ತು. ಆಮ್ರಪಾಲಿಯ ಅಪೂರ್ಣ ಯೋಜನೆಗಳು ಕಾಯಿದೆಯ ವ್ಯಾಪ್ತಿಗೆ ಬಂದದ್ದು ಈ ನಿಯಮದಿಂದ.

ಖರೀದಿದಾರರಿಂದ ಪಡೆದ ಹಣದ ಶೇಕಡ 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಿಸಿ, ಅದೇ ಯೋಜನೆಯ ಭೂಮಿ ಮತ್ತು ನಿರ್ಮಾಣ ವೆಚ್ಚಕ್ಕೆ ಮಾತ್ರ ಬಳಸಬೇಕೆಂಬುದು ಕಾಯಿದೆಯ ಮುಖ್ಯ ನಿಯಮಗಳಲ್ಲೊಂದು. ಕಾಮಗಾರಿ ಎಷ್ಟು ಪ್ರಗತಿಯಾಗಿದೆ ಎಂಬುದನ್ನು ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರು ದೃಢೀಕರಿಸಿದ ಪ್ರಮಾಣಕ್ಕೆ ಅನುಗುಣವಾಗಿ ಮಾತ್ರ ಈ ಖಾತೆಯಿಂದ ಹಣ ತೆಗೆಯಬಹುದು.

ನೋಂದಣಿ ರದ್ದತಿ

ಕಾಯಿದೆಯ 7ನೇ ಪ್ರಕರಣವು ನೋಂದಣಿ ರದ್ದತಿಗೆ ಸಂಬಂಧಿಸಿದೆ. ದೂರು ಬಂದಾಗ, ಸ್ವಯಂಪ್ರೇರಿತವಾಗಿ ಅಥವಾ ಸಕ್ಷಮ ಪ್ರಾಧಿಕಾರದ ಶಿಫಾರಸಿನ ಮೇಲೆ ನಿಯಂತ್ರಣ ಪ್ರಾಧಿಕಾರವು ಈ ಕ್ರಮ ಕೈಗೊಳ್ಳಬಹುದು. ಕಾಯಿದೆ ಅಥವಾ ನಿಯಮಗಳ ಪಾಲನೆಯಲ್ಲಿ ಲೋಪ, ಅನುಮೋದನೆಯ ಷರತ್ತುಗಳ ಉಲ್ಲಂಘನೆ, ಸುಳ್ಳು ಭರವಸೆಯಂತಹ ಅನುಚಿತ ವ್ಯವಹಾರ ಮತ್ತು ವಂಚನೆ ಇದಕ್ಕೆ ಆಧಾರಗಳು. ಪ್ರವರ್ತಕನಿಗೆ ಕನಿಷ್ಠ 30 ದಿನಗಳ ನೋಟಿಸು ನೀಡಿ, ಆತನ ವಿವರಣೆಯನ್ನು ಪರಿಗಣಿಸಿದ ನಂತರವೇ ಆದೇಶ ಹೊರಡಿಸಬೇಕು. ರದ್ದುಪಡಿಸುವ ಬದಲು, ಖರೀದಿದಾರರ ಹಿತದೃಷ್ಟಿಯಿಂದ ಷರತ್ತುಗಳನ್ನು ವಿಧಿಸಿ ನೋಂದಣಿಯನ್ನು ಮುಂದುವರಿಸುವುದಕ್ಕೂ ಅವಕಾಶವಿದೆ.

ನೋಂದಣಿ ರದ್ದಾದರೆ ಪ್ರವರ್ತಕನ ಹೆಸರನ್ನು ಭಾವಚಿತ್ರಸಹಿತ ಸುಸ್ತಿದಾರರ ಪಟ್ಟಿಗೆ ಸೇರಿಸಿ ಪ್ರಾಧಿಕಾರದ ಜಾಲತಾಣದಲ್ಲಿ ಪ್ರಕಟಿಸಲಾಗುತ್ತದೆ. ಇತರ ರಾಜ್ಯಗಳ ಪ್ರಾಧಿಕಾರಗಳಿಗೂ ಮಾಹಿತಿ ನೀಡಲಾಗುತ್ತದೆ. ಯೋಜನೆಯ ಬ್ಯಾಂಕ್ ಖಾತೆಯನ್ನು ಸ್ತಂಭನಗೊಳಿಸುವಂತೆ ಬ್ಯಾಂಕಿಗೆ ನಿರ್ದೇಶಿಸಲಾಗುತ್ತದೆ.

ರದ್ದತಿಯ ನಂತರದ ಹೊಣೆ

8ನೇ ಪ್ರಕರಣದ ಪ್ರಕಾರ, ನೋಂದಣಿಯ ಅವಧಿ ಮುಗಿದಾಗ ಅಥವಾ ನೋಂದಣಿ ರದ್ದಾದಾಗ ನಿಯಂತ್ರಣ ಪ್ರಾಧಿಕಾರವು ಸರ್ಕಾರದೊಡನೆ ಸಮಾಲೋಚಿಸಿ, ಉಳಿದ ಕಾಮಗಾರಿಯನ್ನು ಸಕ್ಷಮ ಪ್ರಾಧಿಕಾರದಿಂದ, ಖರೀದಿದಾರರ ಸಂಘದಿಂದ ಅಥವಾ ಬೇರೆ ರೀತಿಯಲ್ಲಿ ಮಾಡಿಸಬಹುದು. ಕಾಮಗಾರಿಯನ್ನು ವಹಿಸಿಕೊಳ್ಳಲು ಒಪ್ಪುವ ಅಥವಾ ನಿರಾಕರಿಸುವ ಮೊದಲ ಹಕ್ಕು ಖರೀದಿದಾರರ ಸಂಘಕ್ಕಿದೆ. ಆದರೆ ಅದಕ್ಕೆ ಬೇಕಾದ ಹಣ ಎಲ್ಲಿಂದ ಬರಬೇಕು ಎಂಬುದನ್ನು ಈ ಪ್ರಕರಣ ಹೇಳುವುದಿಲ್ಲ. ಯೋಜನೆಯ ಖಾತೆಯಲ್ಲಿ ಹಣ ಉಳಿದಿರುವಾಗ ಇದು ದೊಡ್ಡ ತೊಡಕಲ್ಲ. ಹಣ ಮೊದಲೇ ಬೇರೆಡೆಗೆ ಹೋಗಿದ್ದರೆ ಇದೇ ಮುಖ್ಯ ಪ್ರಶ್ನೆಯಾಗುತ್ತದೆ.

ಇದಲ್ಲದೆ 18ನೇ ಪ್ರಕರಣವು ಒಪ್ಪಂದದ ಅವಧಿಯಲ್ಲಿ ಮನೆ ಹಸ್ತಾಂತರಿಸದಿದ್ದರೆ ಬಡ್ಡಿಸಹಿತ ಹಣ ಮರಳಿ ಪಡೆಯುವ ಹಕ್ಕನ್ನು ಖರೀದಿದಾರನಿಗೆ ನೀಡುತ್ತದೆ. ಯೋಜನೆಯಿಂದ ಹೊರಬರಲು ಬಯಸದವನು ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿಗೆ ಅರ್ಹನಾಗುತ್ತಾನೆ. ಪಾವತಿಯಾಗದ ಬಡ್ಡಿ, ದಂಡ ಮತ್ತು ಪರಿಹಾರವನ್ನು 40ನೇ ಪ್ರಕರಣದ ಪ್ರಕಾರ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು.

ಪ್ರಕರಣದ ಬೆಳವಣಿಗೆ

ದಿವಾಳಿತನ ಪ್ರಕ್ರಿಯೆ

2017ರಲ್ಲಿ ಬ್ಯಾಂಕ್ ಆಫ್ ಬರೋಡಾ ಸಾಲ ವಸೂಲಾತಿಗಾಗಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮೊರೆಹೋಯಿತು. ಸಮೂಹಕ್ಕೆ ಸೇರಿದ ಆಮ್ರಪಾಲಿ ಸಿಲಿಕಾನ್ ಸಿಟಿ ಕಂಪನಿಯ ವಿರುದ್ಧ ದಿವಾಳಿತನ ಪ್ರಕ್ರಿಯೆ ಆರಂಭವಾಯಿತು. ದಿವಾಳಿತನ ಸಂಹಿತೆಯಡಿ ಪ್ರಕ್ರಿಯೆ ಆರಂಭವಾದೊಡನೆ ಕಂಪನಿಯ ವಿರುದ್ಧದ ಇತರ ವ್ಯಾಜ್ಯಗಳಿಗೆ ತಡೆ ಬೀಳುತ್ತದೆ. ಅಂದಿನ ಕಾನೂನಿನಲ್ಲಿ ಮನೆ ಖರೀದಿದಾರರಿಗೆ ಹಣಕಾಸು ಸಾಲದಾತರ ಸ್ಥಾನ ಇರಲಿಲ್ಲ. ಸಾಲದಾತರ ಸಮಿತಿಯಲ್ಲಿ ಅವರಿಗೆ ಮತದಾನದ ಹಕ್ಕೂ ಇರಲಿಲ್ಲ. ಯೋಜನೆಗೆ ಹಣ ನೀಡಿದವರೇ ಅದರ ಭವಿಷ್ಯವನ್ನು ನಿರ್ಧರಿಸುವ ಪ್ರಕ್ರಿಯೆಯಿಂದ ಹೊರಗುಳಿಯುವ ಸ್ಥಿತಿ ಇದರಿಂದ ಉಂಟಾಯಿತು.

ಸರ್ವೋಚ್ಚ ನ್ಯಾಯಾಲಯದಲ್ಲಿ

ಖರೀದಿದಾರರು 2017ರಲ್ಲಿ ಸಂವಿಧಾನದ 32ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. ನ್ಯಾಯಾಲಯವು ಆರಂಭದಲ್ಲಿ ಸಮೂಹವೇ ಇತರ ನಿರ್ಮಾಣಗಾರರ ಸಹಭಾಗಿತ್ವದಲ್ಲಿ ಕಾಮಗಾರಿ ಪೂರ್ಣಗೊಳಿಸುವ ಸಾಧ್ಯತೆಯನ್ನು ಪರಿಶೀಲಿಸಿತು. ಯೋಜನೆಗಳ ಹಣ ಬೇರೆಡೆಗೆ ವರ್ಗಾವಣೆಯಾಗಿರುವುದು ವಿಚಾರಣೆಯ ವೇಳೆ ಕಂಡುಬಂದುದರಿಂದ ಈ ಪ್ರಯತ್ನ ಮುಂದುವರಿಯಲಿಲ್ಲ.

2018ರ ಆಗಸ್ಟ್ 1ರಂದು ನ್ಯಾಯಾಲಯವು ಸಮೂಹದ 40 ಕಂಪನಿಗಳ ಬ್ಯಾಂಕ್ ಖಾತೆಗಳನ್ನು ಜಪ್ತಿ ಮಾಡಲು ಆದೇಶಿಸಿತು. ಅದೇ ತಿಂಗಳು ಎನ್‌ಬಿಸಿಸಿ ಸಂಸ್ಥೆಯು ಕಾಮಗಾರಿಯನ್ನು ವಹಿಸಿಕೊಳ್ಳಲು ಸಿದ್ಧವಿರುವುದಾಗಿ ತಿಳಿಸಿತು. ಲೆಕ್ಕಪತ್ರಗಳನ್ನು ಒಪ್ಪಿಸುವಲ್ಲಿ ವಿಳಂಬ ಮಾಡಿದ್ದಕ್ಕಾಗಿ 2018ರ ಅಕ್ಟೋಬರ್‌ನಲ್ಲಿ ಸಮೂಹದ ಅಧ್ಯಕ್ಷ ಅನಿಲ್ ಕುಮಾರ್ ಶರ್ಮಾ ಮತ್ತು ಇಬ್ಬರು ನಿರ್ದೇಶಕರನ್ನು ಪೊಲೀಸ್ ವಶಕ್ಕೆ ಒಪ್ಪಿಸಲಾಯಿತು. ವಂಚನೆಯ ಆರೋಪದ ಪ್ರತ್ಯೇಕ ಪ್ರಕರಣದಲ್ಲಿ ಈ ಮೂವರನ್ನು ಬಂಧಿಸಲು 2019ರ ಫೆಬ್ರವರಿ 28ರಂದು ದೆಹಲಿ ಪೊಲೀಸರಿಗೆ ಅನುಮತಿ ನೀಡಲಾಯಿತು.

ಫೋರೆನ್ಸಿಕ್ ಲೆಕ್ಕಪರಿಶೋಧನೆ

ಖರೀದಿದಾರರ ಹಣ ಎಲ್ಲಿ ಹೋಯಿತು ಎಂಬುದನ್ನು ಪತ್ತೆಹಚ್ಚಲು ನ್ಯಾಯಾಲಯವು 2018ರಲ್ಲಿ ಇಬ್ಬರು ಫೋರೆನ್ಸಿಕ್ ಲೆಕ್ಕಪರಿಶೋಧಕರನ್ನು ನೇಮಿಸಿತು. ಮನೆ ನಿರ್ಮಾಣಕ್ಕೆಂದು ಸಂಗ್ರಹವಾದ ಹಣದಲ್ಲಿ 3,000 ಕೋಟಿ ರೂಪಾಯಿಗೂ ಹೆಚ್ಚು ಮೊತ್ತ ಅನ್ಯ ಉದ್ದೇಶಗಳಿಗೆ ವರ್ಗಾವಣೆಯಾಗಿರುವುದಾಗಿ ಅವರು ವರದಿ ಮಾಡಿದರು. ಕಚೇರಿ ಸಹಾಯಕರು, ಚಾಲಕರು ಮುಂತಾದವರ ಹೆಸರಿನಲ್ಲಿ ಕಾಗದದ ಮೇಲಷ್ಟೇ ಇದ್ದ ಕಂಪನಿಗಳನ್ನು ಸ್ಥಾಪಿಸಿ ಅವುಗಳ ಮೂಲಕ ಹಣ ಸಾಗಿಸಲಾಗಿತ್ತು. ಕೆಲವು ಫ್ಲ್ಯಾಟುಗಳು ಚದರ ಅಡಿಗೆ ಒಂದು ರೂಪಾಯಿಯಂತಹ ನಾಮಮಾತ್ರ ದರಕ್ಕೆ ಮಾರಾಟವಾದಂತೆ ದಾಖಲಾಗಿದ್ದವು.

ಅಪೂರ್ಣ ಕಟ್ಟಡಗಳಿಗೆ ಮಾರುಕಟ್ಟೆಯ ಕುಸಿತ ಅಥವಾ ಸಾಮಗ್ರಿಗಳ ಬೆಲೆ ಏರಿಕೆ ಮುಖ್ಯ ಕಾರಣವಲ್ಲ, ಹಣದ ದುರುಪಯೋಗವೇ ಕಾರಣ ಎಂಬ ನಿರ್ಣಯಕ್ಕೆ ನ್ಯಾಯಾಲಯ ಬರಲು ಈ ವರದಿ ಆಧಾರವಾಯಿತು. ವಿಳಂಬ ಮತ್ತು ವಂಚನೆಗಳ ನಡುವಿನ ವ್ಯತ್ಯಾಸ ಶಿಸ್ತುಕ್ರಮದ ದೃಷ್ಟಿಯಿಂದ ಮಹತ್ವದ್ದು. ಯುದ್ಧ, ಪ್ರವಾಹ, ಬರ, ಭೂಕಂಪದಂತಹ ಕಾರಣಗಳಿಂದ ಕಾಮಗಾರಿ ತಡವಾದರೆ ರೇರಾ ಕಾಯಿದೆಯ 6ನೇ ಪ್ರಕರಣದಡಿ ನೋಂದಣಿಯ ಅವಧಿಯನ್ನು ವಿಸ್ತರಿಸಬಹುದು. ವಂಚನೆ ಸಾಬೀತಾದಲ್ಲಿ ಅಂತಹ ರಿಯಾಯಿತಿಗೆ ಆಸ್ಪದವಿರುವುದಿಲ್ಲ.

2019ರ ತೀರ್ಪು

2019ರ ಜುಲೈ 23ರ ತೀರ್ಪಿನ ಮುಖ್ಯ ನಿರ್ದೇಶನಗಳು ಹೀಗಿವೆ:

• ಆಮ್ರಪಾಲಿ ಸಮೂಹದ ಕಂಪನಿಗಳ ರೇರಾ ನೋಂದಣಿ ರದ್ದು.
• ನೋಯ್ಡಾ ಮತ್ತು ಗ್ರೇಟರ್ ನೋಯ್ಡಾ ಪ್ರಾಧಿಕಾರಗಳು ಸಮೂಹಕ್ಕೆ ನೀಡಿದ್ದ ಲೀಸ್ ಪತ್ರಗಳು ರದ್ದು. ಆ ಹಕ್ಕುಗಳು ನ್ಯಾಯಾಲಯ ನೇಮಿಸುವ ರಿಸೀವರ್ ಅವರಿಗೆ ವರ್ಗಾವಣೆ.
• ಎರಡೂ ಪ್ರಾಧಿಕಾರಗಳು ಮತ್ತು ಬ್ಯಾಂಕುಗಳು ತಮ್ಮ ಬಾಕಿಗಾಗಿ ಖರೀದಿದಾರರ ಫ್ಲ್ಯಾಟುಗಳನ್ನಾಗಲಿ ಯೋಜನೆಯ ಭೂಮಿಯನ್ನಾಗಲಿ ಮಾರುವಂತಿಲ್ಲ. ಸಮೂಹದ ಜಪ್ತಿಯಾದ ಇತರ ಆಸ್ತಿಗಳಿಂದ ವಸೂಲು ಮಾಡಿಕೊಳ್ಳಬೇಕು.
• ಉಳಿದ ಕಾಮಗಾರಿಯನ್ನು ಎನ್‌ಬಿಸಿಸಿ ಪೂರ್ಣಗೊಳಿಸಬೇಕು. ಅದಕ್ಕೆ ಶೇಕಡ 8ರಷ್ಟು ಕಮಿಷನ್.
• ಖರೀದಿದಾರರು ತಮ್ಮ ಒಪ್ಪಂದದ ಪ್ರಕಾರ ಕೊಡಬೇಕಾದ ಬಾಕಿ ಹಣವನ್ನು ನ್ಯಾಯಾಲಯದ ಆವರಣದಲ್ಲಿರುವ ಯೂಕೋ ಬ್ಯಾಂಕ್ ಶಾಖೆಯ ಖಾತೆಗೆ ಜಮಾ ಮಾಡಬೇಕು.
• ಈಗಾಗಲೇ ವಾಸವಿರುವವರಿಗೆ ಕ್ರಯಪತ್ರ ನೋಂದಣಿ ಮಾಡಿಕೊಡಬೇಕು.

ಹಿರಿಯ ವಕೀಲ ಆರ್. ವೆಂಕಟರಮಣಿ ಅವರನ್ನು ರಿಸೀವರ್ ಆಗಿ ನೇಮಿಸಲಾಯಿತು. ಅವರು 2022ರ ಅಕ್ಟೋಬರ್‌ನಲ್ಲಿ ಭಾರತದ ಅಟಾರ್ನಿ ಜನರಲ್ ಆದರು.

ತೀರ್ಪು ನಿರ್ಮಾಣ ಕಂಪನಿಯೊಂದನ್ನೇ ಹೊಣೆಯಾಗಿಸಲಿಲ್ಲ. ಬಾಕಿ ವಸೂಲು ಮಾಡದೆ ಭೂಮಿಯನ್ನು ಸಮೂಹದ ಕೈಯಲ್ಲಿ ಉಳಿಯಗೊಟ್ಟ ಪ್ರಾಧಿಕಾರಗಳ ಅಧಿಕಾರಿಗಳು ಸಾರ್ವಜನಿಕ ನಂಬಿಕೆಗೆ ವಿರುದ್ಧವಾಗಿ ನಡೆದುಕೊಂಡರೆಂದು ನ್ಯಾಯಾಲಯ ಹೇಳಿತು. ನೀಡಿದ ಸಾಲ ಯಾವುದಕ್ಕೆ ಬಳಕೆಯಾಗುತ್ತಿದೆ ಎಂಬುದನ್ನು ಬ್ಯಾಂಕುಗಳು ಗಮನಿಸಲಿಲ್ಲವೆಂದು ಆಕ್ಷೇಪಿಸಿತು. ಸಮೂಹದ ಶಾಸನಬದ್ಧ ಲೆಕ್ಕಪರಿಶೋಧಕರ ವಿರುದ್ಧ ಶಿಸ್ತುಕ್ರಮ ಕೈಗೊಳ್ಳುವಂತೆ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಗೆ ಸೂಚಿಸಿತು. ಹಣದ ಅಕ್ರಮ ವರ್ಗಾವಣೆ ಮತ್ತು ವಿದೇಶಿ ವಿನಿಮಯ ನಿಯಮಗಳ ಉಲ್ಲಂಘನೆಯ ಬಗ್ಗೆ ತನಿಖೆ ನಡೆಸುವಂತೆ ಜಾರಿ ನಿರ್ದೇಶನಾಲಯಕ್ಕೆ ಆದೇಶಿಸಿತು.

ಕಾಮಗಾರಿಯ ಪುನರಾರಂಭ

ಎನ್‌ಬಿಸಿಸಿ 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರಿ ನಿರ್ಮಾಣ ಸಂಸ್ಥೆ. ತೀರ್ಪಿನ ನಂತರ ಸಂಸ್ಥೆಯು ಯೋಜನಾವಾರು ಟೆಂಡರ್ ಕರೆದು ಗುತ್ತಿಗೆದಾರರನ್ನು ಆಯ್ಕೆ ಮಾಡಿತು. ಎನ್‌ಬಿಸಿಸಿ ಇಲ್ಲಿ ತನ್ನ ಸ್ವಂತ ಬಂಡವಾಳ ಹೂಡುವ ಪ್ರವರ್ತಕನಲ್ಲ. ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಕಾಮಗಾರಿ ನಡೆಸುವ ಸಂಸ್ಥೆ ಮಾತ್ರ. ಆದ್ದರಿಂದ ಹಣದ ಹೊಂದಾಣಿಕೆ ರಿಸೀವರ್ ಮತ್ತು ನ್ಯಾಯಾಲಯದ ಮುಂದಿನ ಮುಖ್ಯ ಸಮಸ್ಯೆಯಾಯಿತು.

ಖರೀದಿದಾರರು ಕೊಡಬೇಕಿದ್ದ ಬಾಕಿ, ಮಾರಾಟವಾಗದೆ ಉಳಿದ ಫ್ಲ್ಯಾಟುಗಳು, ಸಮೂಹದ ಜಪ್ತಿಯಾದ ಆಸ್ತಿಗಳು ಮತ್ತು ಬ್ಯಾಂಕ್ ಸಾಲ ಹಣದ ಮುಖ್ಯ ಮೂಲಗಳಾಗಿದ್ದವು. ಆಸ್ತಿಗಳ ಹರಾಜು ನಿರೀಕ್ಷಿಸಿದಷ್ಟು ವೇಗವಾಗಿ ನಡೆಯಲಿಲ್ಲ. ಕಂಪನಿಯನ್ನು ನಂಬಿ ಈಗಾಗಲೇ ಹಣ ಕಳೆದುಕೊಂಡಿದ್ದ ಖರೀದಿದಾರರಲ್ಲಿ ಅನೇಕರು ಉಳಿದ ಕಂತು ಕಟ್ಟಲು ಹಿಂಜರಿದರು. ಕೆಲವರ ಗೃಹಸಾಲದ ಖಾತೆಗಳು ಅನುತ್ಪಾದಕವೆಂದು ವರ್ಗೀಕೃತವಾಗಿದ್ದವು. ಅಂತಹ ಖರೀದಿದಾರರಿಗೂ ಉಳಿದ ಸಾಲದ ಮೊತ್ತವನ್ನು ಬಿಡುಗಡೆ ಮಾಡುವಂತೆ ನ್ಯಾಯಾಲಯ 2020ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. 2022ರಲ್ಲಿ ಬ್ಯಾಂಕ್ ಆಫ್ ಬರೋಡಾ ನೇತೃತ್ವದ ಬ್ಯಾಂಕುಗಳ ಒಕ್ಕೂಟವು 1,500 ಕೋಟಿ ರೂಪಾಯಿ ಸಾಲ ನೀಡಲು ಒಪ್ಪಿತು.

ಸಾವಿರಾರು ಫ್ಲ್ಯಾಟುಗಳ ಖರೀದಿದಾರರು ರಿಸೀವರ್ ಅವರ ಬಳಿ ತಮ್ಮ ಹೆಸರು ದಾಖಲಿಸಲು ಮುಂದೆ ಬರಲಿಲ್ಲ. ಇವುಗಳಲ್ಲಿ ಬೇನಾಮಿ ಅಥವಾ ಕಲ್ಪಿತ ಹೆಸರಿನ ನೋಂದಣಿಗಳೂ ಇರುವ ಸಾಧ್ಯತೆಯನ್ನು ಪರಿಗಣಿಸಿದ ನ್ಯಾಯಾಲಯವು, ಗಡುವಿನೊಳಗೆ ಹಕ್ಕು ಸ್ಥಾಪಿಸದ ಫ್ಲ್ಯಾಟುಗಳನ್ನು ಮಾರಾಟವಾಗದ ಫ್ಲ್ಯಾಟುಗಳೆಂದು ಪರಿಗಣಿಸುವ ವ್ಯವಸ್ಥೆ ಮಾಡಿತು. ಹಂತಹಂತವಾಗಿ ಗೋಪುರಗಳು ಪೂರ್ಣಗೊಂಡು ಫ್ಲ್ಯಾಟುಗಳ ಹಸ್ತಾಂತರ ಆರಂಭವಾಯಿತು.

2023ರ ಸೆಪ್ಟೆಂಬರ್ 15ರಂದು ಗ್ರೇಟರ್ ನೋಯ್ಡಾದ ಡ್ರೀಮ್ ವ್ಯಾಲಿ ಯೋಜನೆಯ ನಿರ್ಮಾಣ ಸ್ಥಳದಲ್ಲಿ ಕಾರ್ಮಿಕರನ್ನು ಸಾಗಿಸುತ್ತಿದ್ದ ಲಿಫ್ಟ್ ಕುಸಿದು ಹಲವು ಕಾರ್ಮಿಕರು ಮೃತಪಟ್ಟರು.

ನಂತರದ ಕಾನೂನು ಬೆಳವಣಿಗೆಗಳು

ಆಮ್ರಪಾಲಿ ಮತ್ತು ಅದೇ ಕಾಲದ ಜೇಪೀ ಸಮೂಹದ ಪ್ರಕರಣಗಳು ಮನೆ ಖರೀದಿದಾರರ ಕಾನೂನು ಸ್ಥಾನದ ಕುರಿತ ಚರ್ಚೆಗೆ ಕಾರಣವಾದವು. 2018ರ ಜೂನ್ 6ರ ಸುಗ್ರೀವಾಜ್ಞೆಯ ಮೂಲಕ, ನಂತರ ಅದೇ ವರ್ಷದ ತಿದ್ದುಪಡಿ ಕಾಯಿದೆಯ ಮೂಲಕ, ದಿವಾಳಿತನ ಸಂಹಿತೆಯಡಿ ಖರೀದಿದಾರರನ್ನು ಹಣಕಾಸು ಸಾಲದಾತರೆಂದು ಪರಿಗಣಿಸಲಾಯಿತು. ಈ ತಿದ್ದುಪಡಿಯ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಆಗಸ್ಟ್ 9ರಂದು ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಎತ್ತಿಹಿಡಿಯಿತು. 2021ರ ನವೆಂಬರ್ 11ರಂದು ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ, ವಿಳಂಬವಾದ ಯೋಜನೆಯಿಂದ ಹೊರಬಂದು ಹಣ ಮರಳಿ ಪಡೆಯುವ ಖರೀದಿದಾರನ ಹಕ್ಕು ಷರತ್ತುರಹಿತವಾದುದೆಂದು ನ್ಯಾಯಾಲಯ ತೀರ್ಪಿತ್ತಿತು.

ಸ್ಥಗಿತಗೊಂಡ ವಸತಿ ಯೋಜನೆಗಳಿಗೆ ಹಣ ಒದಗಿಸಲು ಕೇಂದ್ರ ಸರ್ಕಾರವು 2019ರ ನವೆಂಬರ್‌ನಲ್ಲಿ ಸ್ವಾಮಿಹ್ ಎಂಬ ವಿಶೇಷ ನಿಧಿಯನ್ನು ಘೋಷಿಸಿತು. ನೋಂದಣಿ ರದ್ದತಿ ಮತ್ತು ಶೇಷ ಕಾಮಗಾರಿಗೆ ಸಂಬಂಧಿಸಿದ 7 ಮತ್ತು 8ನೇ ಪ್ರಕರಣಗಳು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಸೇರಿದಂತೆ ಎಲ್ಲ ರಾಜ್ಯಗಳ ಪ್ರಾಧಿಕಾರಗಳಿಗೂ ಅನ್ವಯಿಸುತ್ತವೆ.

ಮಹತ್ವ ಮತ್ತು ಮಿತಿಗಳು

ನೋಂದಣಿ ರದ್ದತಿಯು ನಿರ್ಮಾಣಗಾರನು ಮುಂದೆ ಇನ್ನಷ್ಟು ಜನರಿಂದ ಹಣ ಪಡೆಯುವುದನ್ನು ತಡೆಯುತ್ತದೆ. ಈಗಾಗಲೇ ಹಣ ಕೊಟ್ಟವರ ದೃಷ್ಟಿಯಿಂದ ನೋಡಿದರೆ ಅದರ ಪರಿಣಾಮ ಸೀಮಿತವಾದುದು: ನೋಂದಣಿ ಕಳೆದುಕೊಂಡ ಕಂಪನಿ ಉಳಿದ ಫ್ಲ್ಯಾಟುಗಳನ್ನು ಮಾರುವಂತಿಲ್ಲ, ಅದರ ಖಾತೆ ಸ್ತಂಭನಗೊಳ್ಳುತ್ತದೆ, ಕಾಮಗಾರಿ ಪೂರ್ತಿ ನಿಲ್ಲುತ್ತದೆ. ಹಣ ಮರುಪಾವತಿಯ ಆದೇಶವೂ ಕಂಪನಿಯ ಬೊಕ್ಕಸ ಬರಿದಾಗಿದ್ದರೆ ಕಾಗದದಲ್ಲೇ ಉಳಿಯುತ್ತದೆ.

ಆಮ್ರಪಾಲಿ ತೀರ್ಪಿನಲ್ಲಿ ನೋಂದಣಿ ರದ್ದತಿಯ ಜೊತೆಗೇ ಭೂಮಿಯ ಹಕ್ಕನ್ನು ರಿಸೀವರ್‌ಗೆ ವರ್ಗಾಯಿಸಲಾಯಿತು, ಪ್ರಾಧಿಕಾರ ಮತ್ತು ಬ್ಯಾಂಕುಗಳ ಬಾಕಿಯ ಹೊರೆಯಿಂದ ಫ್ಲ್ಯಾಟುಗಳನ್ನು ಮುಕ್ತಗೊಳಿಸಲಾಯಿತು, ಕಾಮಗಾರಿಗೆ ಹೊಸ ಸಂಸ್ಥೆಯನ್ನು ಗೊತ್ತುಪಡಿಸಲಾಯಿತು. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಕಟ್ಟಡಗಳು ಮುಂದುವರಿಯುವುದು ಕಷ್ಟವಾಗುತ್ತಿತ್ತು. ಆದರೆ ಇದು ಸರ್ವೋಚ್ಚ ನ್ಯಾಯಾಲಯವು ವರ್ಷಗಳ ಕಾಲ ನೇರ ಮೇಲ್ವಿಚಾರಣೆ ನಡೆಸಿ ಸಾಧಿಸಿದ ಪರಿಹಾರ. ರಾಜ್ಯಗಳ ನಿಯಂತ್ರಣ ಪ್ರಾಧಿಕಾರಗಳಿಗೆ ಲೀಸ್ ರದ್ದುಗೊಳಿಸುವ ಅಥವಾ ಬ್ಯಾಂಕುಗಳ ಅಡಮಾನದ ಹಕ್ಕನ್ನು ಬದಿಗಿರಿಸುವ ಅಧಿಕಾರವನ್ನು ರೇರಾ ಕಾಯಿದೆ ನೀಡಿಲ್ಲ. ಆದ್ದರಿಂದ ಸಾಮಾನ್ಯ ಪ್ರಕರಣಗಳಲ್ಲಿ ಶೇಕಡ 70ರ ಖಾತೆಯ ಮೇಲಿನ ನಿಗಾ, ತ್ರೈಮಾಸಿಕ ಪ್ರಗತಿ ವರದಿಗಳ ಪರಿಶೀಲನೆ ಮತ್ತು ಖರೀದಿದಾರರ ಸಂಘವನ್ನು ಆರಂಭದಲ್ಲೇ ರಚಿಸಿಕೊಳ್ಳುವುದು ರದ್ದತಿಯಷ್ಟೇ ಮುಖ್ಯವಾಗುತ್ತವೆ. ಹಣ ಖಾತೆಯಲ್ಲಿ ಉಳಿದಿರುವಾಗಲೇ ಕ್ರಮ ಜರುಗಿದರೆ 8ನೇ ಪ್ರಕರಣದಡಿ ಕಾಮಗಾರಿ ಮುಂದುವರಿಸಲು ಖರೀದಿದಾರರಿಗೆ ಅವಕಾಶ ಉಳಿಯುತ್ತದೆ.